ಹೊಕುರೆಯ್ ಮಾರು ಹಡಗಿನ ಅಡುಗೆಯವ

ಕುವಾಮೊತೊ ತತ್ಸುಜಿ ಹೊಕುರೆಯ್ ಮಾರು ಎಂಬ ಸರಕು ಹಡಗಿನ ಅಡುಗೆಯವ. ಯುದ್ಧ ಬಂದು ಸೇನೆ ಹಡಗನ್ನು ವಶಕ್ಕೆ ತೆಗೆದುಕೊಂಡಾಗ, ಸೌಟು ಹಿಡಿದಿದ್ದ ಅವನೂ ಹಡಗಿನ ಜೊತೆಗೇ ಹೋದ. ತೈವಾನಿನ ಆಚೆ ಒಂದು ಮಧ್ಯಾಹ್ನ ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಬಾರ್ಲಿ ಅನ್ನದ ಹಂಡೆಯ ಸಮೇತ ಕಡಲಿಗೆ ಬಿದ್ದವನು ಹಲಗೆಯೊಂದನ್ನು ತಬ್ಬಿಕೊಂಡು ಬದುಕಿದ. ಕೆಳಗೆ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದ ನೆರೆಮನೆಯ ಕನೆಮಾತ್ಸು ಮೇಲೆ ಬರಲೇ ಇಲ್ಲ.

ದಡ ಮುಟ್ಟಿದ ಕೂಡಲೇ ಅಧಿಕಾರಿಯೊಬ್ಬ ಗದರಿದ: “ಹಡಗು ಮುಳುಗಿದ್ದು ಯಾರ ಕಿವಿಗೂ ಬೀಳ್ಬಾರ್ದು. ಬಾಯಿಬಿಟ್ಟೆಯೋ, ಜೈಲೇ ಗತಿ!”

ದ್ವೀಪವೊಂದರಲ್ಲಿದ್ದ ತನ್ನ ಊರಿಗೆ ಬಂದರೆ ಬಾವಿಕಟ್ಟೆಯಲ್ಲೇ ಕನೆಮಾತ್ಸುವಿನ ಹೆಂಡತಿ ಶಿಗೆನೊ ಎದುರಾದಳು.

“ನಮ್ಮೋರೆಲ್ಲಿ, ತತ್ಸಣ್ಣ?”

“ಎಂಜಿನ್ ಕೆಟ್ಟಿದೆ. ರಿಪೇರಿ ಮುಗಿಸ್ಕೊಂಡು ಬರ್ತಾನೆ.”

ಅಂದಿನಿಂದ ಶಿಗೆನೊ ಗಂಡನಿಗೆಂದು ಗೆಣಸು ಹೆಚ್ಚಿ ಚಾಪೆಯ ಮೇಲೆ ಒಣಗಿಸುವಳು. ಬೇಲಿಯಾಚೆಯಿಂದ ನೋಡಿ ತತ್ಸುಜಿ ಹಲ್ಲು ಕಡಿಯುವನು. ಹೇಳುವಂತಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಸಿಟ್ಟನ್ನೆಲ್ಲ ಮನೆಯ ಪಾತ್ರೆಗಳ ಮೇಲೆ ತೀರಿಸುತ್ತಿದ್ದ.

ಒಂದು ಬೆಳಗ್ಗೆ ಬಾವಿಕಟ್ಟೆಯಲ್ಲಿ ಅವಳೇ ಅಡ್ಡಗಟ್ಟಿದಳು. “ಎಂಜಿನ್ ಕೆಟ್ಟಿದ್ರೆ ನೀನ್ಯಾಕೆ ಬರಿಗಾಲಲ್ಲಿ ಬಂದೆ? ಹೆಂಡ್ತಿಗಿಂತ ಹೆಚ್ಚು ಅಂತಿದ್ಯಲ್ಲ ಆ ಅಡುಗೆ ಚಾಕು, ಅದೆಲ್ಲಿ?”

“ಕಡಲ ತಳದಲ್ಲಿ!” ಎಂದು ಅವನು ಕೂಗಿಬಿಟ್ಟ. “ಅದೂ ಅಲ್ಲೇ, ಅವನೂ ಅಲ್ಲೇ!”

ನೀರಿಗೆ ಬಂದವರೆಲ್ಲ ತಿರುಗಿ ನೋಡಿದರು. ಶಿಗೆನೊ ಅಳಲಿಲ್ಲ. “ಇಷ್ಟು ದಿನ ನಾನು ನಗ್ತಾ ಗೆಣಸು ಹೆಚ್ತಿದ್ರೆ ನೋಡ್ಕೊಂಡಿದ್ಯಾ, ಪಾಪಿ?” ಎಂದವಳೇ ಕೆನ್ನೆಗೆ ಬಾರಿಸಿ ಹೋದಳು.

ಹಡಗು ಮುಳುಗಿದ ಗುಟ್ಟು ಹೊರಬಿಟ್ಟನೆಂದು ಕೇರಿಯ ಮುಖಂಡ ದೂರು ಕೊಟ್ಟ. ಪೊಲೀಸರು ತತ್ಸುಜಿಯನ್ನು ಕೂಡಿಹಾಕಿ ಬಡಿದು, ಇನ್ನೊಂದು ಹಳೆಯ ಹಡಗಿಗೆ ಅಟ್ಟಿದರು. ಅದು ಮುಳುಗುವ ಮೊದಲೇ ಯುದ್ಧ ಮುಗಿಯಿತು.

ವರ್ಷಗಳು ಕಳೆದ ಮೇಲೆ ಊರಿನಲ್ಲಿ ಸತ್ತ ಸೈನಿಕರ ಹೆಸರು ಕೊರೆದ ಕಲ್ಲು ನಿಂತಿತು. ಅದರಲ್ಲಿ ಕನೆಮಾತ್ಸು ಇರಲಿಲ್ಲ.

“ಅವನು ಸೈನಿಕ ಅಲ್ವಲ್ಲಪ್ಪ, ಬರೀ ಸರಕು ಹಡಗಿನವನು,” ಎಂದ ಅದೇ ಮುಖಂಡ. ಈಗ ಅವನು ಊರಿನ ಅಧ್ಯಕ್ಷ.

“ಟಾರ್ಪೆಡೊ ಏನು ಸಮವಸ್ತ್ರ ನೋಡಿ ಬಡೀತಾ?” ಎಂದು ತತ್ಸುಜಿ ರೇಗಿದ.

“ನಿಯಮ ನಾನು ಮಾಡಿದ್ದಲ್ಲ ಮಾರಾಯ.”

ಬಂದರಿನಲ್ಲಿ ನೂಡಲ್ ಅಂಗಡಿ ಇಟ್ಟ ತತ್ಸುಜಿ, ಅಧ್ಯಕ್ಷರು ಬದಲಾದಾಗಲೆಲ್ಲ ಹೋಗಿ ಜಗಳವಾಡಿದ. ಅಧ್ಯಕ್ಷರು ಬದಲಾದರು, ಉತ್ತರ ಬದಲಾಗಲಿಲ್ಲ. ಶಿಗೆನೊ ಅವನನ್ನು ಕ್ಷಮಿಸಿದಳೋ ಇಲ್ಲವೋ ಊರಿಗೆ ತಿಳಿಯದು. ಆದರೆ ಆ ಜಗಳಗಳಿಗೆ ಅವಳೂ ಜೊತೆಗೆ ಹೋಗುತ್ತಿದ್ದಳು, ಅವನಿಗಿಂತ ಜೋರಾಗಿ ಬೈಯುತ್ತಿದ್ದಳು. ತತ್ಸುಜಿ ಸಾಯುವವರೆಗೂ ಕಲ್ಲಿನ ಮೇಲೆ ಆ ಹೆಸರು ಬರಲಿಲ್ಲ.