ಹೊತ್ತು ಮುಳುಗ್ತು ಅಕ್ಕಾ

ನಾವು ಚರ್ಚಿಗೆ ಹೋಗುವವರು. ಆದರೂ ಮೈಲೂರಿನ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಶುರುವಾಗುತ್ತಿದ್ದುದು ಹಿಂದಿನ ಓಣಿಯ ಮಸೀದಿಯ ಅಜಾನ್ ಕೇಳಿದ ಮೇಲೆಯೇ. 'ಹೊತ್ತು ಮುಳುಗ್ತು' ಅನ್ನುತ್ತ ಅವ್ವ ಬೈಬಲ್ ತೆಗೆಯುತ್ತಿದ್ದಳು. ಗಡಿಯಾರ ನೋಡಿದ್ದು ನೆನಪಿಲ್ಲ.

ಅವ್ವ ತೀರಿಹೋದಳು. ಅಕ್ಕ ನರ್ಸ್ ಕೆಲಸಕ್ಕೆಂದು ಅಮೆರಿಕದ ಒಂದು ಸಣ್ಣ ಊರು ಸೇರಿದಳು. 'ಇಲ್ಲಿ ಹೊತ್ತು ಮುಳುಗಿದ್ದು ಯಾರೂ ಹೇಳಂಗಿಲ್ಲ ನೋಡು' ಅಂದಳು ಒಮ್ಮೆ. 'ನಾ ಹೇಳ್ತೇನಿ' ಅಂದೆ.

ಅಂದಿನಿಂದ ಆ ಊರಿನ ಸೂರ್ಯಾಸ್ತದ ವೇಳೆಯನ್ನು ಮೊಬೈಲಿನಲ್ಲಿ ನೋಡಿಕೊಂಡು, ಇಲ್ಲಿ ಬೆಳಗಿನ ಚಹಾ ಕುದಿಯುವಾಗ ಬರೆಯುತ್ತಿದ್ದೆ: 'ಹೊತ್ತು ಮುಳುಗ್ತು ಅಕ್ಕಾ.' 'ಆಮೆನ್' ಅಂತ ಉತ್ತರ ಬರುತ್ತಿತ್ತು. ಒಬ್ಬಳೇ ಇರುವ ನನಗೆ ಎಷ್ಟೋ ದಿನ ಸಿಗುತ್ತಿದ್ದ ಮಾತು ಅದೊಂದೇ.

ಮೊನ್ನೆ ಬರೆಯುವ ಬದಲು ವಿಡಿಯೊ ಕಾಲ್ ಮಾಡಿದೆ. ಅವಳ ಹಿಂದಿನ ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲು.

'ಇದೇನಕ್ಕಾ?'

'ಆ ಊರು ಬಿಟ್ಟು ವರ್ಷಾತು. ಇಲ್ಲಿ ಲೇಟಾಗಿ ಮುಳುಗ್ತದ. ನಿನಗ ಬ್ಯಾಸರ ಆಗ್ತದಂತ ಹೇಳ್ಲಿಲ್ಲ.'

ಬ್ಯಾಸರವಂತೆ! ಸಿಟ್ಟು ನೆತ್ತಿಗೇರಿ ಫೋನ್ ಇಟ್ಟುಬಿಟ್ಟೆ. ನಮ್ಮವರು ಯಾರೂ ಇಲ್ಲದ ಊರಿನ ಸಂಜೆಯನ್ನು ಒಂದು ವರ್ಷ ದಿನಾ ಕಾದಿದ್ದೆ.