ತೊಳೆದ ಶೀಶೆ

ಮ್ಯಾನಿಟೋಬಾದ ಆ ಸಣ್ಣ ಊರಿನವರು ಬಚ್ಚಲಿಗೆ ಬಿಟ್ಟು ಮರೆತದ್ದನ್ನೆಲ್ಲ ಮೂವತ್ತೊಂದು ವರ್ಷ ನೆನಪಿಟ್ಟುಕೊಂಡವನು ಮಿರೋನ್ ಹ್ಲಾದುನ್. ಊರಾಚೆಯ ಕೊಳಚೆ ನೀರಿನ ಕೊಳ ಅವನ ಸುಪರ್ದಿಯಲ್ಲಿತ್ತು. ನೊರೆ ನೋಡಿಯೇ ಯಾರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳುತ್ತಿದ್ದ. ಅದಕ್ಕೇ ಇರಬೇಕು, ಅವನನ್ನು ಊಟಕ್ಕೆ ಕರೆಯುವವರು ಕಡಿಮೆ.

ಆ ನೀರನ್ನು ಹಳ್ಳಕ್ಕೆ ಬಿಡುವುದು ವರ್ಷಕ್ಕೆ ಎರಡೇ ಸಲ. ಅದಕ್ಕೆ ಮುಂಚೆ ಮಿರೋನ್ ಮೋಟಾರು ದೋಣಿಯಲ್ಲಿ ಪಟಿಕದ ನೀರು ಹೇರಿಕೊಂಡು, ಹೊಲ ಉತ್ತಂತೆ ಸಾಲು ಸಾಲಾಗಿ ಸುರಿಯುತ್ತ ಹೋಗುತ್ತಿದ್ದ. ಕೊಳಚೆಯಲ್ಲಿನ ರಂಜಕ, ಅಂದರೆ ಫಾಸ್ಫರಸ್, ಎಲ್ಲ ಅದಕ್ಕೆ ಅಂಟಿ ತಳ ಸೇರಬೇಕು. ಸೇರದಿದ್ದರೆ ಅದು ಸರೋವರಕ್ಕೆ ಹೋಗಿ, ಬೇಸಿಗೆಗೆ ಪಾಚಿ ಉಕ್ಕಿ ಮೀನು ಸಾಯುತ್ತವೆ. ಅಲ್ಲಿ ಬಲೆ ಬೀಸುವವನು ಹೆಂಡತಿ ದಾರ್ಕಾಳ ತಮ್ಮ.

ಆ ವರ್ಷ ವಿಪರೀತ ಮಳೆ. ಕೊಳ ತುಂಬಿ ತುಳುಕುತ್ತಿತ್ತು. ಹೆಪ್ಪುಗಟ್ಟುವ ಮುಂಚೆ ಖಾಲಿ ಮಾಡದಿದ್ದರೆ ವಸಂತದಲ್ಲಿ ಏರಿ ಒಡೆದು ಕೆಳಗಿನ ಹನ್ನೊಂದು ಮನೆಗಳ ಮೇಲೆ ನುಗ್ಗುವುದು ಖಂಡಿತ. ಆದರೆ ರಂಜಕ ಲೀಟರಿಗೆ ಒಂದು ಮಿಲಿಗ್ರಾಂ ಮೀರಿದರೆ ತೂಬು ಎತ್ತುವಂತಿಲ್ಲ. ಶೀಶೆಯಲ್ಲಿ ಕಳಿಸಿದ್ದ ಕೊಳದ ನೀರು ನೋಡಿ ಪರೀಕ್ಷೆಯವರು ಫೋನಿನಲ್ಲಿ ಹೇಳಿದ ಲೆಕ್ಕ, ನಾಲ್ಕು.

ಕಿಟಕಿಯಾಚೆ ಆಗಲೇ ದಂಡೆಯ ಹುಲ್ಲು ಬಿಳಿಯಾಗಿತ್ತು.

"ನಾಕಂತೆ ಕಣೆ."

"ಒಂದಕ್ಕೆ ನಾಕು! ನಿನ್ನ ಜನ್ಮದಲ್ಲಿ ಇಷ್ಟು ಲಾಭ ಕಂಡಿರ್ಲಿಲ್ಲ ಬಿಡು," ಎಂದಳು ದಾರ್ಕಾ. ಗಂಡನ ಮುಖ ನೋಡಿ ದನಿ ಇಳಿಸಿದಳು. "ಅಷ್ಟೊಂದು ಕೆಟ್ಟದಾ?"

"ಇನ್ನೊಂದು ಸಲ ನೀರು ತಗೊಂಡು ನೋಡ್ತೀನಿ. ಆ ಶೀಶೆ ಕೊಡು."

"ತಡಿ, ತೊಳೆದು ಕೊಡ್ತೀನಿ. ಹೋದ ಸಲದ್ದೂ ನಾನೇ ಫಳಫಳ ತೊಳೆದಿಟ್ಟಿದ್ದೆ. ಹ್ಲಾದುನ್ ಮನೆಯಿಂದ ಕೊಳಕು ಪಾತ್ರೆ ಹೊರಗೆ ಹೋಗೋದುಂಟಾ?"

"ಯಾವುದ್ರಲ್ಲಿ ತೊಳೆದೆ?"

ಅವಳು ಸಾಬೂನು ಪುಡಿಯ ಡಬ್ಬಿ ತೋರಿಸಿದಳು. ಆಗಿನ ಪುಡಿಗಳಲ್ಲಿ ರಂಜಕ ಹೇರಳ. ಚರ್ಚಿನ ಸಭೆಯಲ್ಲಿ ಅದೇ ಡಬ್ಬಿ ಎತ್ತಿ ಹಿಡಿದು, ಇದನ್ನು ಬಳಸಬೇಡಿರೆಂದು ಊರಿಗೆಲ್ಲ ಬುದ್ಧಿ ಹೇಳಿದ್ದವನು ಮಿರೋನನೇ.

ನಗುವ ಧೈರ್ಯ ಬರಲಿಲ್ಲ. ತಪ್ಪು ಶೀಶೆಯದೇ ಎಂದು ಯಾರು ಕಂಡರು? ಪಟಿಕವೇ ಕೈಕೊಟ್ಟಿದ್ದರೆ?

ಪರೀಕ್ಷೆಯವರ ಮೊಹರು ಒಡೆಯದ ಶೀಶೆಯೊಂದನ್ನು ದಂಡೆಯ ಗುಡಿಸಲಿನಲ್ಲಿ ಹುಡುಕಿ ತೆಗೆದು ದೋಣಿ ಹತ್ತಿದ. ಮಂಜುಗಡ್ಡೆಯ ತೆಳು ಪದರ ದೋಣಿಯಡಿಗೆ ಗಾಜಿನಂತೆ ಮುರಿಯುತ್ತಿತ್ತು. ನಡುಕೊಳದಲ್ಲಿ ಮೋಟಾರು ಕೆಮ್ಮಿ ನಿಂತಿತು. ಮಿರೋನನಿಗೆ ಈಜು ಬರುತ್ತಿರಲಿಲ್ಲ. ಮೂವತ್ತೊಂದು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನೀರು ತುಂಬಿಕೊಂಡ ಶೀಶೆಯನ್ನು ಎದೆಗವಚಿ, ಒಂದೇ ಕೈಯಲ್ಲಿ ಹುಟ್ಟು ಹಾಕುತ್ತ ದಡ ಸೇರಿದ.

ಅದನ್ನು ಪರೀಕ್ಷೆಗೆ ಕಳಿಸಿ ಎರಡು ದಿನ ಫೋನಿನ ಪಕ್ಕದಲ್ಲೇ ಕೂತ. ಪದರ ದಪ್ಪವಾಗುತ್ತಲೇ ಹೋಯಿತು. ಮೂರನೆಯ ಬೆಳಗ್ಗೆ ಸುದ್ದಿ ಬಂತು: ಸೊನ್ನೆ ಪಾಯಿಂಟ್ ಏಳು.

ಓಡಿದ. ತೂಬಿನ ಚಕ್ರ ಹೆಪ್ಪುಗಟ್ಟಿ ಕದಲಲಿಲ್ಲ. ಹಿಂದೆಯೇ ಏದುಸಿರು ಬಿಡುತ್ತ ಬಂದ ದಾರ್ಕಾ ಕುದಿನೀರಿನ ಕೆಟಲ್ ಬಗ್ಗಿಸಲು ಹೋದಳು. ಮಿರೋನ್ ಗಪ್ಪನೆ ಅವಳ ಮಣಿಕಟ್ಟು ಹಿಡಿದ.

"ಇದನ್ನ ಯಾವುದ್ರಲ್ಲಿ ತೊಳೆದೆ?"

"ತೊಳೆದೇ ಇಲ್ಲ ಮಾರಾಯ, ನಿನ್ನ ಭಯಕ್ಕೆ!"

ಆಮೇಲಷ್ಟೇ ಕೈ ಬಿಟ್ಟ. ಚಕ್ರ ಕಿರುಗುಟ್ಟಿ ತಿರುಗಿತು. ನೀರು ಹಳ್ಳಕ್ಕೆ ಇಳಿಯಿತು. ಏರಿಯ ಒಳಬದಿಯಲ್ಲಿ ನೀರಿನ ಗುರುತು ಒಂದು ಗೇಣು ಕೆಳಗಿಳಿಯುವವರೆಗೂ ಮಿರೋನ್ ಆ ಚಕ್ರದಿಂದ ಕೈ ತೆಗೆಯಲಿಲ್ಲ.