ಬೆಳ್ಳಗೆ ಹೊಳೆದ ಬಕೆಟ್ಟು

ನಮ್ಮಜ್ಜಿ ಚಂದ್ರವ್ವ ಬೆಟಗೇರಿಯ ನೇಕಾರರ ಓಣಿಯಲ್ಲಿ ಹೆಸರಾಗಿದ್ದು ಮಗ್ಗದಿಂದಲ್ಲ, ಅನುಮಾನದಿಂದ. ತವರದ ಬಿಳಿ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಗೆ ಹುಳಿ ತಾಗಲು ಬಿಡುತ್ತಿರಲಿಲ್ಲ. ಬೀಗರ ಮನೆಯಲ್ಲೂ ಮೊದಲು ಪಾತ್ರೆಯೊಳಗೆ ಇಣುಕುವಳು. ಬೆಳ್ಳಗೆ ಹೊಳೆದರೆ ಮಾತ್ರ ಸಾರು ಹಾಕಿಸಿಕೊಳ್ಳುವಳು. ಬೀಗರು ಮುಖ ಸಿಂಡರಿಸಿದರೆ ಅವಳಿಗೇನು?

ಮುಂಬಯಿ ರಾಜ್ಯ ಬಿಟ್ಟು ನಾವು ಕನ್ನಡ ನಾಡಿಗೆ ಸೇರಿದ ದಿನ, ಮೆರವಣಿಗೆಯವರಿಗೆ ಲಿಂಬೆ ಪಾನಕ ಮಾಡುವ ಕೆಲಸ ಅವಳ ಪಾಲಿಗೆ ಬಂತು. ಅಜ್ಜ ವೆಂಕಪ್ಪ ಮಿಲಿಟರಿ ಹರಾಜಿನ ಮಾಲಿನಲ್ಲಿ ಕೊಂಡಿದ್ದ ದೊಡ್ಡ ಬಕೆಟ್ಟು ತಂದಿಟ್ಟ. ಅಜ್ಜಿ ಇಣುಕಿದಳು. ಒಳಗೆಲ್ಲ ಬೆಳ್ಳಗಿತ್ತು. ಕಲಾಯಿ ಹೊಸದೇ ಎಂದುಕೊಂಡು ಬೆಳಿಗ್ಗೆಯೇ ಲಿಂಬೆ ಹಿಂಡಿಟ್ಟಳು. ಮೆರವಣಿಗೆ ತಡವಾಯಿತು, ಬಿಸಿಲೇರುವ ತನಕ ಪಾನಕ ಅದರಲ್ಲೇ ಇತ್ತು. ಮೊದಲ ಲೋಟ ಬಸುರಿ ಸೊಸೆ ಸಾವಿತ್ರೆವ್ವನಿಗೆ. ಅವಳೇ ನನ್ನವ್ವ, ಹೊಟ್ಟೆಯಲ್ಲಿದ್ದವಳು ನಾನು.

ಸ್ವಲ್ಪ ಹೊತ್ತಿಗೇ ಅವ್ವ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡತೊಡಗಿದಳು. ಅಜ್ಜಿ ಪಾನಕವನ್ನೆಲ್ಲ ಗಟಾರಕ್ಕೆ ಚೆಲ್ಲಿದಳು. ಅಜ್ಜ ಓಡಿಹೋಗಿ ಡಾಕ್ಟರನ್ನು ಕರೆತಂದ. ಯುದ್ಧದಲ್ಲಿ ಕೆಲಸ ಮಾಡಿ ಬಂದಿದ್ದ ಅವರು ಬಕೆಟ್ಟನ್ನು ತಿರುವಿ ನೋಡಿ, ಇದು ಕಲಾಯಿಯಲ್ಲ, ಕ್ಯಾಡ್ಮಿಯಂ ಎಂಬ ಲೋಹದ ಲೇಪವಿರಬೇಕು, ತುಕ್ಕು ಹಿಡಿಯದಿರಲೆಂದು ಹಾಕಿರುತ್ತಾರೆ, ಹುಳಿ ತಾಗಿದರೆ ಕರಗಿ ವಿಷವಾಗುತ್ತದೆ ಎಂದರು. ದಿನವೂ ಹೊಟ್ಟೆಗೆ ಹೋದರೆ ಮೂತ್ರಪಿಂಡದಲ್ಲಿ ಕೂತು ಕೆಡಿಸುತ್ತದಂತೆ.

"ಕೂಸಿಗೇನರ ಆಗತೈತೇನ್ರಿ?" ಎಂದಳು ಅಜ್ಜಿ.

"ವಾಂತಿ ಆಗಿದ್ದು ಛಲೋ ಆತು. ಕೂಸಿಂದು ಈಗ ಹೇಳಾಕ ಬರೂದಿಲ್ಲವ್ವಾ."

ಅವ್ವ ಬೇಗ ಸುಧಾರಿಸಿಕೊಂಡಳು. ಅಜ್ಜಿ ಸುಧಾರಿಸಲಿಲ್ಲ. ಸೊಸೆ ಮಗ್ಗುಲು ಬದಲಿಸಿದರೂ ಸಾಕು, ಕೂಸು ಆಡುತ್ತಿದೆಯೇ ಎಂದು ಕೇಳುವಳು. ಒಂದು ಮಧ್ಯಾಹ್ನ ಕಲಾಯಿ ಹಾಕಿಸಿದ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. ಅವ್ವ ಅತ್ತೆಯ ಹಾಗೆಯೇ ಒಳಗೆ ಇಣುಕಿದಳು. ಕಂಠದೊಳಗೆ ಆ ಬಕೆಟ್ಟಿನಂತೆಯೇ ಬೆಳ್ಳಗಿದ್ದುದನ್ನು ಕಂಡು ಚೊಂಬನ್ನು ಕೆಳಗಿಟ್ಟಳು.

"ಅತ್ತಿ, ಮೊದಲ ನೀವ ಕುಡೀರಿ."

ಊರಿಗೆಲ್ಲ ಜೋರು ಮಾಡುತ್ತಿದ್ದ ಅಜ್ಜಿ ಚೊಂಬೆತ್ತಿ ಕುಡಿದಳು.

ದಿನ ತುಂಬಿ ನಾನು ಗಟ್ಟಿಯಾಗಿಯೇ ಹುಟ್ಟಿದೆ. ಅವ್ವ ತಾನಾಡಿದ ಆ ಮಾತು ಮರೆತಳು. ಅಜ್ಜಿ ಮರೆಯಲಿಲ್ಲ. ನನಗೆ ಹಾಲು ಕೊಡುವಾಗಲೆಲ್ಲ ಮೊದಲು ತಾನೊಂದು ಗುಟುಕು ಕುಡಿದು, ಹೊಟ್ಟೆಯ ಮೇಲೆ ಕೈಯಿಟ್ಟು ನೋವೇಳುತ್ತದೇನೋ ಎಂದು ಬಹಳ ಹೊತ್ತು ಕಾಯುವಳು. ನಾನು ಅತ್ತು ರಂಪ ಮಾಡಿದರೂ ಜಗ್ಗುತ್ತಿರಲಿಲ್ಲ. ನಾನು ಬಿಸಿ ಹಾಲು ಕುಡಿದದ್ದು ಅವಳು ತೀರಿಹೋದ ಮೇಲೆಯೇ.